ಸೋರುವ ಚಿತ್ರ

ಶಾಲೆಯ ಗೇಟಿನ ಬಳಿ ಯಾರೋ ತನ್ನ ಹೆಸರು ಕೇಳಿದರು ಎಂದು ಮಗಳು ಶರ್ವಾಣಿ ಹೇಳಿದ ದಿನವೇ ಗಿರಿಧರ ಅರಕಲಗೂಡು ಬಿಡಲು ತೀರ್ಮಾನಿಸಿದ. ಹೊಳೆನರಸೀಪುರದಲ್ಲೂ ನೆಮ್ಮದಿ ಸಿಗಲಿಲ್ಲ. ಮಗಳ ಬ್ಯಾಗಿನಲ್ಲಿ ತಾನು ಕೊಡಿಸದ ಪೆಪ್ಪರಮೆಂಟಿನ ಪೊಟ್ಟಣ ಸಿಕ್ಕಿತು. ಅದನ್ನು ಒಯ್ದು ಹೊಳೆಗೆ ಎಸೆದ. ತೊಂಬತ್ತೊಂಬತ್ತರ ಬೇಸಿಗೆಯ ಹೊತ್ತಿಗೆ ಅಪ್ಪ ಮಗಳು ಚನ್ನರಾಯಪಟ್ಟಣದ ಬಾಡಿಗೆ ಮನೆಯಲ್ಲಿದ್ದರು.

ತಾಯಿಯಿಲ್ಲದ ಹೆಣ್ಣುಮಗು, ಕಾಲ ಕೆಟ್ಟಿದೆ ಎಂದು ಬೀದಿಯವರು ಮರುಗಿದರು. ಹೆಂಡತಿ ಶ್ರೀಗೌರಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ಗಿರಿಧರ ಹೋದ ಊರಲ್ಲೆಲ್ಲ ಹೇಳುತ್ತಿದ್ದ. ಆಗ ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲವಂತೆ. ಅಷ್ಟು ಹೇಳಿ ಮಾತು ಬದಲಿಸುತ್ತಿದ್ದ. ದುಃಖವಿರಬೇಕೆಂದು ಕೇಳಿದವರೂ ಸುಮ್ಮನಾಗುತ್ತಿದ್ದರು.

ಗಿರಿಧರ ಹಾಸನದ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಅವನ ಬಸ್ಸು ಬರುವವರೆಗೆ ಶರ್ವಾಣಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂರಬೇಕಿತ್ತು. ಒಂಬತ್ತು ವರ್ಷದ ಹುಡುಗಿ ಎಷ್ಟೆಂದು ಕೂತಾಳು? ಬೀದಿಗೆ ಹೋಗಿ ಆಡುತ್ತೇನೆಂದು ಹಟ ಹಿಡಿದಳು. ಅವನು ಹಾಸನದಿಂದ ಒಂದು ಟೀವಿ ಗೇಮ್ ತಂದ.

ತಂದ ಮೇಲೆ ತೊಡಕು ಗೊತ್ತಾಯಿತು. ಗೇಮಿನಿಂದ ಹೊರಟ ಹಳದಿ, ಬಿಳಿ ವಯರುಗಳನ್ನು ಸಿಕ್ಕಿಸಲು ಅಪ್ಪನ ಕಾಲದ ಮರದ ಪೆಟ್ಟಿಗೆಯ ಟೀವಿಯಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ಆಂಟೆನಾದ ತೂತು ಒಂದೇ. ಬೇರೆಯವರಾದರೆ ಹೊಸ ಟೀವಿ ಕೊಳ್ಳುತ್ತಿದ್ದರು. ಇವನಿಗೆ ಮೇಷ್ಟ್ರ ಜಂಬ. ಗೇಮಿನ ಚಿತ್ರವನ್ನು ಪುಟ್ಟ ಟೀವಿ ಸ್ಟೇಷನ್ನಿನ ಹಾಗೆ ಪ್ರಸಾರ ಮಾಡಿ ಆ ತೂತಿನೊಳಗೆ ಕಳಿಸುವ ಅಡಾಪ್ಟರನ್ನು ತಾನೇ ಕಟ್ಟಲು ಕೂತ. ತಾಮ್ರದ ತಂತಿ ಸುತ್ತಿದ, ಬೆರಳು ಸುಟ್ಟುಕೊಂಡ. ಕೊನೆಗೊಂದು ಭಾನುವಾರ ತೆರೆಯ ಮೇಲೆ ಗೊಂಬೆಯೊಂದು ನೆಗೆಯಿತು. ಶರ್ವಾಣಿ ಚಪ್ಪಾಳೆ ತಟ್ಟಿ ನಕ್ಕಳು. ಅವನಿಗೂ ಎದೆ ತುಂಬಿ ಬಂತು. ಮಗಳ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಸುಳ್ಳಿರಲಿಲ್ಲ.

ಮುಂದಿನ ವಾರ ಪಕ್ಕದ ಮನೆಯ ಕಾಮಾಕ್ಷಮ್ಮ ಕಾಂಪೌಂಡಿನ ಮೇಲಿಂದ ಕರೆದರು.

"ನಿಮ್ ಮಗೀನ ಗೊಂಬೆ ಸಾಯೋದು, ಏಳೋದು ಎಲ್ಲಾ ನಮ್ ಟೀವೀಲೇ ಕಾಣ್ತದೆ ಕಣ್ ಸಾ. ಸೀರಿಯಲ್‌ನಾಗೆ ಹೆಣ ಎತ್ತೋ ಹೊತ್ಗೆ ಇದು ನೆಗ್ಕಂಡು ಬಂದು ಹಣ್ಣು ಬಾಚ್ಕತದೆ."

ಗಿರಿಧರ ನಾಚಿದ. ಅಡಾಪ್ಟರನ್ನು ಅವನು ಬರಿಯ ಹಲಗೆಯ ಮೇಲೆ ಬಿಚ್ಚಿಟ್ಟಿದ್ದ. ಅದರ ಚಿತ್ರ ಗಾಳಿಗೆ ಸೋರಿ ಅಕ್ಕಪಕ್ಕದ ಆಂಟೆನಾಗಳಿಗೆ ಸಿಕ್ಕುತ್ತಿತ್ತು. ಸರಿಮಾಡುತ್ತೇನೆಂದು ಹೇಳಿ ಮರೆತ.

ಮಳೆಗಾಲ ಕಳೆದು ಪಿತೃಪಕ್ಷ ಬಂತು. ಅಪ್ಪನ ತಿಥಿಯನ್ನು ಒಂದು ವರ್ಷವೂ ತಪ್ಪಿಸದ ಗಿರಿಧರ ಹೆಂಡತಿಯ ಹೆಸರಿನಲ್ಲಿ ಎಳ್ಳುನೀರು ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕಾಮಾಕ್ಷಮ್ಮ ಕೇಳಿಯೇಬಿಟ್ಟರು. ಮನಸ್ಸು ಬರುವುದಿಲ್ಲ ಎಂದ. ಆ ಮಾತು ನಿಜವೇ ಆಗಿತ್ತು.

ಅದೇ ವಾರ ಶರ್ವಾಣಿಗೆ ಜ್ವರ ಬಂದು ಆಟ ನಿಂತಿತು. ಕಾಮಾಕ್ಷಮ್ಮ ಗಂಜಿ ತಂದುಕೊಟ್ಟು, ತಮ್ಮ ಹಿತ್ತಲ ಮನೆಯ ಬಾಡಿಗೆಯವಳು ಮಗುವಿಗೆ ಏನಾಯಿತೆಂದು ಎರಡು ಸಲ ಕೇಳಿದಳೆಂದರು. ರವಿಕೆ ಹೊಲಿದು ಬದುಕುವ ಹೆಂಗಸಂತೆ, ಹೊಸಿಲು ದಾಟುವುದೇ ಇಲ್ಲವಂತೆ. ಗಿರಿಧರನಿಗೆ ದಿಗಿಲಾಯಿತು. ಹೆಂಗಸು ಕೇಳಿದ್ದಕ್ಕಲ್ಲ. ಟೀವಿಯಲ್ಲಿ ಗೊಂಬೆ ಓಡುತ್ತಿದೆಯೆಂದರೆ ಮಗು ಒಬ್ಬಳೇ ಮನೆಯಲ್ಲಿದ್ದಾಳೆಂದು ಬೀದಿಗೇ ಸಾರಿದ ಹಾಗಲ್ಲವೇ? ಅಂದೇ ಬಿಸ್ಕತ್ತಿನ ತಗಡಿನ ಡಬ್ಬ ಕೊರೆದು, ಅಡಾಪ್ಟರನ್ನು ಒಳಗಿಟ್ಟು, ಸುತ್ತಲೂ ಬೆಸುಗೆ ಹಾಕಿದ.

ಸೋರಿಕೆ ನಿಂತಿತು. ಜ್ವರ ಬಿಟ್ಟ ಶರ್ವಾಣಿ ಮತ್ತೆ ಆಡತೊಡಗಿದಳು. ಕಾಮಾಕ್ಷಮ್ಮನ ಸೀರಿಯಲ್ಲಿನಲ್ಲಿ ಅಳುವವರು ಅಡ್ಡಿಯಿಲ್ಲದೆ ಅತ್ತರು. ಮೇಷ್ಟ್ರ ಡಬ್ಬದ ಮಹಿಮೆಯನ್ನು ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು.

ವಾರದ ಮೇಲೆ ಅವರೇ ಮತ್ತೆ ಬಂದರು.

"ಹಿತ್ಲ ಮನೆಯಾಕೆ ಟೀವಿ ಕೆಟ್ಟೋಗದಂತೆ, ವಸಿ ನೋಡ್ಬುಡಿ ಸಾ. ಅನ್ನ ನೀರು ಬಿಟ್ಟು ಅದ್ರ ಮುಂದೇ ಕುಂತವ್ಳೆ."

ಡಬ್ಬದ ಕೀರ್ತಿ ತಲೆಗೇರಿತ್ತು. ಗಿರಿಧರ ಟೆಸ್ಟರ್ ಹಿಡಿದು ಹೋದವನು ನೇರ ತಾರಸಿ ಹತ್ತಿದ. ಬೀದಿಯ ಆಂಟೆನಾಗಳೆಲ್ಲ ಹಾಸನದ ದಿಕ್ಕಿಗೆ ಮುಖ ಮಾಡಿದ್ದವು. ಇದೊಂದು ಮಾತ್ರ ಅವನದೇ ಮನೆಯ ಕಡೆ ತಿರುಗಿತ್ತು. ದಿಕ್ಕು ತಿಳಿಯದವರ ಕೆಲಸವೆಂದು ಅವನಿಗೆ ನಗು ಬಂತು. ಹಾಸನದತ್ತ ತಿರುಗಿಸಿ, ಬಂತಾ ಎಂದು ಕೂಗಿದ. ಬಾಗಿಲಲ್ಲಿ ನಿಂತಿದ್ದ ಕಾಮಾಕ್ಷಮ್ಮ ಒಳಗೆ ಕೇಳಿ, ಇಲ್ಲವಂತೆ ಎಂದರು. ಇನ್ನಷ್ಟು ತಿರುಗಿಸಿದ. ಆಗಲೂ ಇಲ್ಲವಂತೆ. ಹಾಲು ಉಕ್ಕುತ್ತದೆಂದು ಕಾಮಾಕ್ಷಮ್ಮ ಮನೆಗೆ ಓಡಿದರು.

ಅವನು ಇಳಿದು ಒಳಗೆ ಬಂದ. ಟೀವಿಯಲ್ಲಿ ವಾರ್ತೆ ಗಾಜಿನಷ್ಟು ಸ್ವಚ್ಛವಾಗಿ ಬರುತ್ತಿತ್ತು. ಅದರ ಮುಂದೆ ಹೆಂಗಸೊಬ್ಬಳು ಬಾಗಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಳು.

"ಬರ್ತಾ ಇದೆಯಲ್ಲಮ್ಮ. ಇನ್ನೇನು ಬೇಕು?" ಎಂದ.

ಹೆಂಗಸು ಎದ್ದು ತಿರುಗಿದಳು. ಗಿರಿಧರ ಬಾಗಿಲ ಕಡೆಗೆ ಹಿಂದೆ ಸರಿದ. ಶ್ರೀಗೌರಿ ಬಾಗಿಲು ಮುಂದೆ ಮಾಡಿ ಕೈಮುಗಿದಳು.

"ಮತ್ತೆ ಊರು ಬಿಡ್ಬೇಡಿ. ನೀವು ಮಗೂಗೆ ಹೇಳಿರೋ ಹಾಗೆ ನಾನು ಸತ್ತೇ ಇರ್ತೀನಿ, ಆ ಡಬ್ಬ ಒಂದು ತೆಗೆದುಬಿಡಿ."