ಎಡ ಮೊಣಕೈ

ಚೆಂಡು ಕೆಲನ್‌ನ ಮೊಣಕೈಗೆ ತಾಗಲಿಲ್ಲ. ಬಲೆಯ ಹಿಂದೆ ಮೊದಲ ಸಾಲಿನಲ್ಲೇ ಕೂತಿದ್ದ ಅವನ ತಾಯಿ ಡಾರ್ಲಿಸ್‌ಗೆ ಅದು ನಿಚ್ಚಳವಾಗಿ ಕಂಡಿತು. ಎರಡು ಬೆರಳಿನಷ್ಟು ಜಾಗ ಬಿಟ್ಟು ಹೋದ ಚೆಂಡು ಹಿಂದೆ ಕೂತಿದ್ದ ಕ್ಯಾಚರ್‌ನ ಗ್ಲೌಸಿಗೆ ಬಿತ್ತು. ಆದರೆ ಕೆಲನ್ ಬ್ಯಾಟು ಬಿಸಾಕಿ, ಎಡ ಮೊಣಕೈ ಹಿಡಿದುಕೊಂಡು, ಹಲ್ಲು ಕಚ್ಚಿ, ಅಂಪೈರ್ ಕಡೆ ತಿರುಗಿಯೂ ನೋಡದೆ ಮೊದಲ ಬೇಸಿನತ್ತ ನಡೆದುಬಿಟ್ಟ.

ಸುತ್ತಲಿನ ಕಾಲೇಜುಗಳು ಸೇರಿ ಆಡುವ ಬೇಸ್‌ಬಾಲಿನ ಕಾನ್ಫರೆನ್ಸ್ ಟೂರ್ನಿಯ ಫೈನಲ್. ಕೊನೆಯ ಸರದಿ, ಎರಡೂ ಕಾಲೇಜಿಗೆ ನಾಲ್ಕು ನಾಲ್ಕು ರನ್, ರನ್ನಿಗಾಗಿ ಸುತ್ತಿ ಬರಬೇಕಾದ ಮೂರೂ ಬೇಸಿನಲ್ಲಿ ಕೆಲನ್‌ನ ಕಡೆಯ ಹುಡುಗರು. ಎಸೆದ ಚೆಂಡು ಮೈಗೆ ತಾಗಿತೆಂದರೆ ಬ್ಯಾಟು ಹಿಡಿದವನಿಗೆ ಮೊದಲ ಬೇಸು ಪುಕ್ಕಟೆ. ಉಳಿದವರೆಲ್ಲ ಒಂದೊಂದು ಬೇಸು ಮುಂದೆ. ಮೂರನೆಯದರಲ್ಲಿದ್ದವನು ಒಳಗೆ ಬಂದ, ಗೆಲುವಿನ ರನ್ ಸಿಕ್ಕಿತು, ಆಟ ಮುಗಿಯಿತು. ಎದುರು ತಂಡದ ಕ್ಯಾಚರ್ ಚೆಂಡನ್ನು ಅಂಪೈರ್ ಮುಖದೆದುರು ಹಿಡಿದು ಕೂಗಾಡಿದ. ಟಿವಿಯಲ್ಲಿ ಮತ್ತೆ ನೋಡಿ ತೀರ್ಪು ಬದಲಿಸುವಷ್ಟು ದೊಡ್ಡ ಕಾಲೇಜುಗಳಲ್ಲ ಇವು.

ಪಕ್ಕದಲ್ಲಿ ಸೂರ್ಯಕಾಂತಿ ಬೀಜ ಉಗಿಯುತ್ತಿದ್ದ ಆರಿನ್, ಅವನ ಮಗನೂ ಇದೇ ತಂಡದವನು, ಡಾರ್ಲಿಸ್‌ಳ ಬೆನ್ನು ತಟ್ಟಿದ. "ಗೆದ್ದ ಕಪ್ಪಿನ ಪಕ್ಕ ನಿನ್ನ ಮಗನ ಮೊಣಕೈನೂ ಗಾಜಿನ ಬೀರುವಲ್ಲಿ ಇಡಿಸ್ಬೇಕು ಕಣಮ್ಮ."

ಅವಳಿಗೆ ನಗು ಬರಲಿಲ್ಲ. ಆ ಹಿಡಿತ, ಆ ನಡಿಗೆ, ಎಲ್ಲ ಅವಳೇ ಕಲಿಸಿದ್ದು. ಕೆಲನ್‌ಗೆ ಆಗ ಹತ್ತು ವರ್ಷ, ಕಡ್ಡಿ ಪೈಲ್ವಾನ, ಬ್ಯಾಟಿಗೆ ಚೆಂಡು ಸಿಕ್ಕುತ್ತಲೇ ಇರಲಿಲ್ಲ. ಹೋಟೆಲಿನ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದು, ಹಿತ್ತಲಿನಲ್ಲಿ ಅವನ ಹತ್ತಿರ ಹತ್ತಿರಕ್ಕೆ ಟೆನಿಸ್ ಚೆಂಡು ಎಸೆಯುತ್ತಿದ್ದಳು. ಮೊಣಕೈ ಹಿಡ್ಕೋ, ನಡೀತಾ ಹೋಗು, ಅಂಪೈರ್ ಮುಖ ನೋಡಿದ್ಯೋ ಸಿಕ್ಕಿಬಿದ್ದೆ ಅಂತ ಹೇಳಿಕೊಟ್ಟಿದ್ದಳು. ಆಟ ಬಲ್ಲವರೆಲ್ಲ ಮಾಡೋದೇ ಇದು ಅಂತಲೂ ಸೇರಿಸಿದ್ದಳು.

ಕಾರು ನಿಲ್ಲಿಸುವ ಜಾಗದಲ್ಲಿ ಅಪ್ಪಂದಿರು ಸಾಸೇಜು ಸುಡುತ್ತಿದ್ದರು. ಕೆಲನ್ ಮೊಣಕೈಗೆ ಐಸ್ ಚೀಲ ಕಟ್ಟಿಕೊಂಡೇ ಬಂದ. ಇದೇನೋ ಎಂದು ಅವಳು ಮೆಲ್ಲಗೆ ಕೇಳಿದಳು.

"ತಂಡದೋರು ಕಟ್ಟಿಬಿಟ್ರು. ಬೇಡ ಅಂದ್ರೆ ಗೊತ್ತಾಗ್ತಿತ್ತಲ್ಲಮ್ಮ."

ಸೋತವರ ಕೋಚಿನ ಹತ್ತಿರ ಹೋಗಿ ನಿಜ ಹೇಳಿ ಬಾ ಎನ್ನಬೇಕು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಎದುರು ತಂಡದ ಉದ್ದನೆಯ ಹುಡುಗನೊಬ್ಬ ಟೋಪಿ ಕೈಯಲ್ಲಿ ಹಿಡಿದು ಬಂದು ನಿಂತ. ಕಣ್ಣು ಊದಿದ್ದವು. ಕೊನೆಯ ವರ್ಷದವನು. ಮೈಮೇಲಿದ್ದ ಆ ತಂಡದ ಅಂಗಿಯನ್ನು ಇನ್ನು ಮುಂದೆ ಹಾಕುವಂತಿರಲಿಲ್ಲ.

"ಅಮ್ಮಾ, ನಾನು ಬ್ರಾಂಟ್. ಚೆಂಡು ಎಸೆದೋನು. ಬೇಕೂಂತ ಹೊಡೆದಿದ್ದಲ್ಲ, ಬೆವರಿಗೆ ಜಾರಿಬಿಡ್ತು." ಆಮೇಲೆ ಕೆಲನ್ ಕಡೆ ತಿರುಗಿದ. "ತಾಗೇ ಇಲ್ಲ ಅಂತಿದಾರೆ ನಮ್ಮೋರು. ನಾಲ್ಕು ವರ್ಷದಿಂದ ನೋಡಿದೀನಿ, ಅವನು ಅಂಥೋನಲ್ಲ ಅಂದೆ. ಎಲ್ಲಿ, ತೋರಿಸು."

ಡಾರ್ಲಿಸ್ ಬಾಯಿ ತೆರೆದಳು. ಅಷ್ಟರಲ್ಲಿ ಕೆಲನ್ ಐಸ್ ಬಿಚ್ಚಿದ್ದ. ಅರ್ಧ ಗಂಟೆಯ ತಂಪಿಗೆ ಅಂಗೈಯಗಲ ಚರ್ಮ ಕೆಂಪಗಾಗಿತ್ತು. ಎಸೆದೆಸೆದು ನೋಯುವ ತನ್ನ ಭುಜಕ್ಕೆ ದಿನಾ ಐಸ್ ಕಟ್ಟಿಕೊಳ್ಳುವ ಬ್ರಾಂಟ್‌ಗೆ ಆ ಕೆಂಪು ಯಾತರದೆಂದು ತಿಳಿಯಬೇಕಿತ್ತು. ತಿಳಿಯಲಿಲ್ಲ. ಅನುಮಾನ ಇಟ್ಟುಕೊಂಡು ಬಂದವನಲ್ಲ ಅವನು.

"ಛೆ, ಎಷ್ಟು ಜೋರಾಗಿ ಬಿದ್ದಿದೆ," ಎಂದು ತಾನೇ ಚೀಲವನ್ನು ಮತ್ತೆ ಕಟ್ಟಿದ. "ಇಪ್ಪತ್ತು ನಿಮಿಷಕ್ಕೊಂದ್ಸಲ ತೆಗೀರಿ ಅಮ್ಮಾ. ಮುಂದಿನ ವಾರ ದೊಡ್ಡ ಟೂರ್ನಿ ಆಡ್ಬೇಕಲ್ಲ ಇವನು."

"ಆಯ್ತಪ್ಪ," ಎಂದಳು.

ಬ್ರಾಂಟ್ ತಮ್ಮ ತಂಡದ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ತನ್ನ ಮೊಣಕೈ ಮುಟ್ಟಿ ತೋರಿಸುತ್ತ ಒಳಗಿದ್ದವರಿಗೆ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ, ಅಂಪೈರ್ ಎದುರು ಕೂಗಾಡಿದ್ದ ಆ ಕ್ಯಾಚರ್ ಬಾಗಿಲಿಗೆ ಬಂದ. ಇವರ ಕಡೆ ನೋಡಿ, ಟೋಪಿ ತೆಗೆದು ಎದೆಗೊತ್ತಿ, ತಪ್ಪಾಯಿತು ಎನ್ನುವಂತೆ ತಲೆ ಬಾಗಿಸಿದ.

ಕೆಲನ್ ಮುಖ ತಿರುಗಿಸಿಕೊಂಡ. ಡಾರ್ಲಿಸ್ ಕೈ ಎತ್ತಿ, ಪರವಾಗಿಲ್ಲ ಎಂದು ಆಡಿಸಿದಳು.