ಏಳನೆಯ ಬಡಿತ

ಹೊಸ ಪಂಪು ಕೂರಿಸಿದರೂ ಆ ಹಾಳು ತಡೆ ಹೋಗಲಿಲ್ಲ. ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಓಮನ ಸ್ಕ್ಯಾನ್ ಯಂತ್ರದ ಪ್ರೋಬನ್ನು ಎತ್ತಿ, ಒರೆಸಿ, ಮತ್ತೆ ಇಟ್ಟಳು. ಟ್ಯೂಬಿನಲ್ಲಿ ನಕಲಿ ರಕ್ತ ಆರು ಸಲ ಸಲೀಸಾಗಿ ಬಡಿದು ಹರಿಯಿತು. ಏಳನೆಯ ಸಲ ಅವಸರಪಟ್ಟು ಎಡವಿತು, ಒಂದು ಕ್ಷಣ ಸುಮ್ಮನಾಯಿತು, ಮತ್ತೆ ಹೊರಟಿತು. ಸ್ಪೀಕರಿನಲ್ಲಿ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

ಹನ್ನೆರಡಕ್ಕೆ ತಪಾಸಣೆಯವರು ಬರುವವರಿದ್ದರು. ತ್ರಿಶೂರಿನ ಸುತ್ತಲಿನ ಆಸ್ಪತ್ರೆಗಳ ಸ್ಕ್ಯಾನ್ ಯಂತ್ರಗಳು ರಕ್ತದ ಓಟವನ್ನು ಸರಿಯಾಗಿ ಅಳೆಯುತ್ತವೆಯೇ ಎಂದು ನೋಡುವುದು ಇದೇ ಮೇಜಿನ ಮೇಲೆ. ಒಂದು ಪಂಪು, ಟ್ಯೂಬು, ಅದು ಹಾದುಹೋಗುವ, ಮೈಯ ಮಾಂಸದ ಬದಲಿಗಿಟ್ಟ ಇಟ್ಟಿಗೆಯಾಕಾರದ ಜೆಲ್ಲಿ, ಇಷ್ಟೇ ಸಾಮಾನು. ಹರಿವೇ ಎಡವಿದರೆ ಪ್ರಯೋಗಾಲಯಕ್ಕೆ ಬೀಗ ಬಿದ್ದಂತೆಯೇ.

ಜಿಬಿನ್ ಮೂರು ವಾರದಿಂದ ದ್ರವದ ಗಾಳಿಗುಳ್ಳೆ ತೆಗೆದು ತೆಗೆದು ಸುಸ್ತಾಗಿದ್ದ. ಅವನ ಅಪ್ಪ ಇಟ್ಟೂಪ್ ಇದೇ ಮೇಜಿನಲ್ಲಿ ಇಪ್ಪತ್ತು ವರ್ಷ ದುಡಿದು, ಹೋದ ವರ್ಷ ಸ್ಕೂಟರ್ ನಿಲ್ಲಿಸುವಾಗ ಕುಸಿದು ತೀರಿಕೊಂಡಿದ್ದ. ಅನುಕಂಪದ ನೌಕರಿ ಮಗನಿಗೆ ಬಂತು, ಜೊತೆಗೆ ಈ ರಗಳೆಯೂ ಬಂತು. ಕೊನೆಯ ತಿಂಗಳುಗಳಲ್ಲಿ ಇಟ್ಟೂಪನೂ ಟ್ಯೂಬಿಗೆ ಕಿವಿಯಿಟ್ಟು, "ಗುಳ್ಳೆ ಇರಬೇಕು ಓಮನೇ, ತಟ್ಟಿ ನೋಡು" ಎನ್ನುತ್ತಿದ್ದ.

"ಪಂಪು ಹೊಸದು, ದ್ರವ ಹೊಸದು, ಟ್ಯೂಬೂ ಹೊಸದು. ಹಳೇದು ಅಂತ ಉಳಿದಿರೋದು ನೀವೊಬ್ರೇ ಚೇಚಿ," ಎಂದ ಜಿಬಿನ್.

ಚೇಚಿ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಹಳೆಯದು ಇನ್ನೊಂದಿತ್ತು. ಪಂಪು ಯಾವ ತಾಳಕ್ಕೆ ನೂಕಬೇಕೆಂದು ಹೇಳುವ ಫೈಲನ್ನು ಹಳೆಯ ಕಂಪ್ಯೂಟರಿನಿಂದಲೇ ಹೊಸ ಪಂಪಿಗೆ ತುಂಬಿದ್ದರು. ತೆರೆದು ನೋಡಿದಳು. ಹೆಸರಿನ ಜಾಗದಲ್ಲಿ 'ಇಟ್ಟೂಪ್, ಕತ್ತು, ಎಡಗಡೆ' ಎಂದಿತ್ತು.

ಸಾಯುವ ಕೆಲವು ತಿಂಗಳ ಮುಂಚೆ, ಕಂಪನಿ ಕೊಟ್ಟ ಫೈಲು ಕೆಟ್ಟಾಗ, ಇಟ್ಟೂಪ್ ಕಾಲರ್ ಸರಿಸಿ ಕುಳಿತು, ತನ್ನ ಕತ್ತಿನ ನಾಡಿಯನ್ನೇ ಯಂತ್ರಕ್ಕೆ ಕೊಟ್ಟಿದ್ದ. ಪ್ರೋಬ್ ಹಿಡಿದಿದ್ದವಳು ಅವಳೇ. ಯಂತ್ರದವರಿಗೆ ಯಂತ್ರದ ಮೇಲೆಯೇ ಅನುಮಾನ. ಎಡವುತ್ತಿದ್ದದ್ದು ಅವನ ಹೃದಯ, ಇಬ್ಬರೂ ಸೇರಿ ಹುಡುಕಿದ್ದು ಇಲ್ಲದ ಗುಳ್ಳೆಯನ್ನು. ಅವನು ಸತ್ತ ಮೇಲೂ ದಿನಾ ಬೆಳಿಗ್ಗೆ ಅವನ ಮಗನೇ ಸ್ವಿಚ್ ಒತ್ತಿ ಆ ನಾಡಿಯನ್ನು ಓಡಿಸುತ್ತಿದ್ದ.

ಜಿಬಿನ್‌ಗೆ ಹೇಳದೆ ವಿಧಿಯಿರಲಿಲ್ಲ, ಚೇಚಿ ಹೇಳಿದಳು. ಜಿಬಿನ್ ಮಿಡಿಯುತ್ತಿದ್ದ ಟ್ಯೂಬನ್ನು ಬಹಳ ಹೊತ್ತು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ. ಅದನ್ನು ಅಳಿಸಬೇಡಿ, ಬೇರೆ ಕಡೆ ಇಡಿ ಎಂದಷ್ಟೇ ಕೇಳಿಕೊಂಡ. ಆಮೇಲೆ ಗಡಿಯಾರ ನೋಡಿ, ಪಂಪಿನ ವಯರು ಕಿತ್ತು, ಕಾಲರ್ ಸರಿಸಿಕೊಂಡು ಅಪ್ಪನ ಕುರ್ಚಿಯಲ್ಲಿ ಕುಳಿತ.

"ನಂದು ತಗೊಳ್ಳಿ ಚೇಚಿ. ಇಪ್ಪತ್ತಾರು ವರ್ಷದ ಮಾಲು, ಒಂದು ದಿನಾನೂ ರಿಪೇರಿಗೆ ಹೋಗಿಲ್ಲ."

ಚೇಚಿ ಅವನ ಕತ್ತಿಗೆ ಪ್ರೋಬ್ ಒತ್ತಿ, ಮನಸ್ಸಿನಲ್ಲೇ ಎಣಿಸಿದಳು. ಸ್ಪೀಕರಿನಲ್ಲಿ ಆರರವರೆಗೆ ಸಲೀಸಾಗಿ ಬಂತು. ಏಳನೆಯದು ಎಡವಿತು.

ಜಿಬಿನ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

"ಗುಳ್ಳೆ ಇರಬೇಕು ಚೇಚಿ, ತಟ್ಟಿ ನೋಡಿ," ಎಂದ.

ಕಿತ್ತ ವಯರು ಇನ್ನೂ ಅವನ ಕೈಯಲ್ಲೇ ಇತ್ತು.