ನಿಮ್ಮಪ್ಪನಿಗೆ ಹೇಳು

ಏಳು ವರ್ಷಗಳಿಂದ ಅಪ್ಪ ಅಮ್ಮ ಮಾತಾಡುತ್ತಿದ್ದುದು ಮಗಳ ಮೂಲಕವೇ. "ನಿಮ್ಮಪ್ಪನಿಗೆ ಹೇಳು," "ನಿಮ್ಮಮ್ಮನಿಗೆ ಹೇಳು" ಎಂಬ ಎರಡು ಮಾತುಗಳ ನಡುವೆ ಓಡಾಡಿ ಅವಳು ಹೈರಾಣಾಗಿದ್ದಳು. ಕೊನೆಗೆ ಅತ್ತು ಕರೆದು ಇಬ್ಬರನ್ನೂ ಕೌನ್ಸೆಲರ್ ಬಳಿ ಎಳೆದು ತಂದಿದ್ದಳು.

"ಇನ್ಮೇಲೆ ಮಗಳನ್ನ ಮಧ್ಯೆ ತರಬೇಡಿ," ಎಂದರು ಕೌನ್ಸೆಲರ್. "ನಿಮ್ಮ ಮನೆಯವರು ಹೇಳಿದ ಒಂದು ಒಳ್ಳೆ ಮಾತು ನೆನಪಿದ್ರೆ ಅವರಿಗೇ ಹೇಳಿ, ಸರ್."

ಮಗಳು ಥಟ್ಟನೆ ನಡುವೆ ಬಾಯಿ ಹಾಕಿದಳು. "ಮೇಡಂ, ಅದೊಂದು ಬೇಡ..."

ಏಳು ವರ್ಷಗಳಲ್ಲಿ ಮೊದಲ ಸಲ ಅಪ್ಪ ಅಮ್ಮನ ಮುಖ ನೋಡಿದ. "ನನ್ನ ಆಪರೇಷನ್ ದಿನ ಹೇಳಿ ಕಳಿಸಿದ್ಯಲ್ಲ, 'ನೀವಿಲ್ದೆ ಮನೆ ಬಿಕೋ ಅಂತಿದೆ' ಅಂತ. ಆ ಮಾತು ಹಿಡ್ಕೊಂಡೇ ಬದುಕಿದೀನಿ ಕಣೇ."

ಅಮ್ಮ ಮಗಳತ್ತ ತಿರುಗಿದಳು.

"ನಾನ್ಯಾವತ್ತು ಹಾಗೆ ಹೇಳಿ ಕಳಿಸಿದ್ದೆ, ಕೇಳೇ ನಿಮ್ಮಪ್ಪನ್ನ."